ಎಮಿಲ್ ಹುದಾಕನ ಡಾಲರಿನ ಬಣ್ಣ

ಆಗ್ನೆಸ್ ಹುದಾಕ್ ಒಳ್ಳೆಯ ಹೆಂಗಸು ಎಂದು ಊರಿಗೆ ಊರೇ ಹೇಳುತ್ತಿತ್ತು. ಮಹೋನಿಂಗ್ ನದಿಯ ದಂಡೆಯ ಈ ಉಕ್ಕಿನೂರಿನಲ್ಲಿ ಯಾರ ಮನೆಯ ಮದುವೆಯಾದರೂ ಸರಿ, ಸಿಹಿ ಬಿಸ್ಕತ್ತುಗಳ ಮೇಜು ಜೋಡಿಸುವಾಗ ಮೊದಲು ಕೇಳುತ್ತಿದ್ದದ್ದು ಆಗ್ನೆಸ್‌ಳ ಅಕ್ರೋಟಿನ ಸುರುಳಿ ಬಂತೇ ಎಂದು. ಶಾಲೆಯ ಅಡುಗೆಮನೆಯಲ್ಲಿ ಅವಳ ಆಯುಷ್ಯದ ಬಹುಪಾಲು ಕಳೆದಿತ್ತು. ಊರಿನ ನಡುವಯಸ್ಸಿನವರೆಲ್ಲ ಅವಳ ಸೌಟಿನಿಂದ ಬಡಿಸಿಕೊಂಡು ದೊಡ್ಡವರಾದವರೇ. ಯಾರಿಗೂ ಒಂದು ಗಟ್ಟಿ ಮಾತು ಆಡಿದವಳಲ್ಲ. ಗಟ್ಟಿಯಾಗಿ ಮಾತಾಡದವರನ್ನು ಜನ ಸಾಧುಗಳೆಂದೇ ತಿಳಿದುಬಿಡುತ್ತಾರೆ. ಎಂಥ ದಡ್ಡತನ! ಬಾಯಿ ಮಾಡುವವರ ಸಿಟ್ಟು ಸಂಜೆಯೊಳಗೆ ಇಳಿದಿರುತ್ತದೆ. ಆಗ್ನೆಸ್‌ಳದು ಹಾಗೆ ಇಳಿಯುವ ಸಿಟ್ಟಾಗಿರಲಿಲ್ಲ.

ಅವಳ ಗಂಡ ಎಮಿಲ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವನಿಗೆ ಉಳಿದದ್ದು ಒಂದು ಕೆಮ್ಮು, ಇನ್ನೊಂದು ಹಳೆಯ ನಾಣ್ಯಗಳ ಹುಚ್ಚು. ತಿಂಗಳಿಗೊಮ್ಮೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ನಾಣ್ಯದ ಕ್ಲಬ್ಬು ಸೇರುತ್ತಿತ್ತು. ಅವನ ಹತ್ತಿರ ಇದ್ದದ್ದೆಲ್ಲ ಸಾಧಾರಣ ಸರಕು. ಒಂದು ಬೆಳ್ಳಿ ಡಾಲರು ಮಾತ್ರ ಹಾಗಲ್ಲ. ಅವನ ಅಪ್ಪ ಅದೇ ಕಾರ್ಖಾನೆಯ ಸಂಬಳದಲ್ಲಿ ಬಂದ ಆ ಡಾಲರನ್ನು ಸಂಬಳದ ಕಂದು ಲಕೋಟೆಯಲ್ಲೇ ಬಿಟ್ಟು ಮಗನಿಗೆಂದು ಎತ್ತಿಟ್ಟಿದ್ದ. ಲಕೋಟೆಯ ಕಾಗದದಲ್ಲಿದ್ದ ಗಂಧಕ ವರ್ಷಾನುವರ್ಷ ಮೆಲ್ಲಗೆ ಬೆಳ್ಳಿಗೆ ಬಣ್ಣ ಹತ್ತಿಸಿತ್ತು. ಅಂಚಿನಲ್ಲಿ ಕಡುಗೆಂಪು, ಅದರ ಒಳಗೆ ಹೊನ್ನು, ಹಸಿರು, ನೀಲಿ. ನಾಣ್ಯದ ಮೇಲಿನ ಹೆಣ್ಣಿನ ಕುತ್ತಿಗೆಗೆ ಅಡ್ಡಲಾಗಿ ಮಾತ್ರ ಒಂದು ಸಣ್ಣ ಬಿಳಿ ಗೆರೆ. ಲಕೋಟೆಯ ಮಡಿಕೆ ಅಲ್ಲಿ ಕೂತಿತ್ತು.

ಇಂಥ ಬಣ್ಣದ ಡಾಲರಿಗೆ ಹುಚ್ಚು ಬೆಲೆ. ಅದಕ್ಕೇ ಕಳ್ಳರು ಬಿಳಿಯ ಡಾಲರನ್ನು ಆಲೂಗಡ್ಡೆಯ ಹೊಟ್ಟೆಗೆ ಸೇರಿಸಿ, ಓವನ್ನಿನಲ್ಲಿ ಬೇಯಿಸಿ, ಒಂದೇ ಮಧ್ಯಾಹ್ನದಲ್ಲಿ ಬಣ್ಣ ಬರಿಸಿಬಿಡುತ್ತಾರೆ. ನಾಣ್ಯದವರ ನಡುವೆ ಇದಕ್ಕಿಂತ ಹೊಲಸು ಕೆಲಸ ಇನ್ನೊಂದಿಲ್ಲ. ಹೆಂಡತಿಗೆ ಮೋಸ ಮಾಡಿದವನನ್ನು ಕ್ಲಬ್ಬು ಕ್ಷಮಿಸಿದ್ದುಂಟು, ನಾಣ್ಯ ಬೇಯಿಸಿದವನನ್ನು ಕ್ಷಮಿಸಿದ್ದಿಲ್ಲ.

ಎಮಿಲನ ಉಸಿರು ತೀರಾ ಹದಗೆಟ್ಟ ವರ್ಷ ಅವನು ಆ ಡಾಲರು ಮಾರಲು ಮನಸ್ಸು ಮಾಡಿದ. ಕಾರು ನಡೆಸಲು ಅವನಿಂದಾಗುತ್ತಿರಲಿಲ್ಲವಾಗಿ ಆಗ್ನೆಸ್ ತಾನೇ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಕೋಟು ಬಿಚ್ಚದೆ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಕ್ಲಬ್ಬಿನ ಅಧ್ಯಕ್ಷ ವೆಂಡೆಲ್ ಕ್ರೌಸ್. ಪೇಟೆಬೀದಿಯಲ್ಲಿ ಅವನದೇ ನಾಣ್ಯದ ಅಂಗಡಿ. ಅವನು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಡಾಲರನ್ನು ದೀಪದ ಕೆಳಗೆ ತಿರುಗಿಸಿದ, ಮತ್ತೆ ತಿರುಗಿಸಿದ. ಆಮೇಲೆ ಇಡೀ ಹಾಲ್‌ಗೆ ಕೇಳುವಂತೆ ನಕ್ಕ.

"ಅಯ್ಯೋ ಎಮಿಲ್, ಇದನ್ನ ಎಷ್ಟು ಹೊತ್ತು ಬೇಯ್ಸಿದ್ಯೋ ಮಾರಾಯಾ? ಆಲೂಗಡ್ಡೆ ಚೆನ್ನಾಗಿ ಬೆಂದಿತ್ತಾ? ಬೆಣ್ಣೆ ಗಿಣ್ಣೆ ಹಾಕ್ಕೊಂಡು ತಿಂದ್ಯಾ ಹೆಂಗೆ?"

ಜನ ನಕ್ಕರು. ಎಮಿಲ್ ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ನೋಡಿದವರು ಅದನ್ನು ತಪ್ಪಿತಸ್ಥನ ಮುಖ ಎಂದುಕೊಂಡರು.

ಅವತ್ತು ಮನೆಗೆ ಬಂದವನೇ ಎಮಿಲ್ ಅಪ್ಪನ ಲಕೋಟೆಯನ್ನು ಒಲೆಗೆ ಹಾಕಿದ. ಇದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಸುಟ್ಟ, ಸಿಟ್ಟಿಗೆ ಬುದ್ಧಿ ಎಲ್ಲಿ! ಆ ವಾರವೇ ವೆಂಡೆಲ್ ಮನೆಗೆ ಬಂದು, ಪಾಪ ಅನ್ನುವವನಂತೆ ತಲೆ ಅಲ್ಲಾಡಿಸುತ್ತ, ಬರೀ ಬೆಳ್ಳಿಯ ತೂಕದ ಬೆಲೆ ಕೊಟ್ಟು ಡಾಲರನ್ನು ಒಯ್ದ. ಎಮಿಲ್ ಮತ್ತೆ ಕ್ಲಬ್ಬಿನ ಮೆಟ್ಟಿಲು ಹತ್ತಲಿಲ್ಲ. ಚಳಿಗಾಲ ಕಳೆಯುವ ಮೊದಲೇ ಹೋಗಿಬಿಟ್ಟ. ಡಾಕ್ಟರು ಶ್ವಾಸಕೋಶ ಎಂದು ಬರೆದರು. ಆಗ್ನೆಸ್‌ಳನ್ನು ಯಾರಾದರೂ ಕೇಳಿದ್ದರೆ ವೆಂಡೆಲ್ ಕ್ರೌಸ್ ಎಂದು ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

ಮಣ್ಣು ಮಾಡಿದ ದಿನ ಕ್ಲಬ್ಬಿನ ಕಾರ್ಯದರ್ಶಿ ರಸ್ ಟೊಮ್ಚೋ ಅವಳ ಎರಡೂ ಕೈ ಹಿಡಿದುಕೊಂಡ. ಅಂಚೆಯವನಾಗಿದ್ದು ನಿವೃತ್ತನಾದವನು, ಕರುಳುಳ್ಳ ಮನುಷ್ಯ.

"ಎಮಿಲ್ ಚಿನ್ನದಂಥೋನು ಆಗ್ನೆಸ್. ಆ ಒಂದು ವಿಷ್ಯ ಬಿಟ್ರೆ ಅವನ ಕಡೆ ಯಾರೂ ಬೊಟ್ಟು ಮಾಡೋ ಹಂಗಿಲ್ಲ."

ಆ ಒಂದು ವಿಷಯ ಬಿಟ್ಟರೆ! ಸಮಾಧಾನ ಹೇಳಲು ಬಂದವನು ಎದೆಗೆ ಚೂರಿ ಹಾಕಿ ಹೋದ, ಪಾಪ ಅವನಿಗೆ ಅದು ಗೊತ್ತೂ ಆಗಲಿಲ್ಲ.

ಶರತ್ಕಾಲದಲ್ಲಿ ಜಿಲ್ಲೆಯ ಮೈದಾನದ ದೊಡ್ಡ ಶೆಡ್ಡಿನಲ್ಲಿ ನಾಣ್ಯದ ಪ್ರದರ್ಶನ ನಡೆಯಿತು. ಎಮಿಲನ ಹಳೆಯ ಆಲ್ಬಮ್ಮುಗಳನ್ನು ಯಾರಾದರೂ ಕೊಳ್ಳಬಹುದೇನೋ ಎಂದು ಆಗ್ನೆಸ್ ಅಲ್ಲಿಗೆ ಹೋದಳು. ಹೋದವಳು ವೆಂಡೆಲನ ಮೇಜಿನ ಮುಂದೆ ನಿಂತುಬಿಟ್ಟಳು. ಗಾಜಿನ ಕೆಳಗೆ, ಗಟ್ಟಿ ಪ್ಲಾಸ್ಟಿಕ್ಕಿನ ಮೊಹರಾದ ಡಬ್ಬಿಯೊಳಗೆ, ಕೆಂಪು ಹೊನ್ನು ಹಸಿರು ನೀಲಿ. ಕುತ್ತಿಗೆಗೆ ಅಡ್ಡಲಾಗಿ ಬಿಳಿ ಗೆರೆ. ಡಬ್ಬಿಯ ನೆತ್ತಿಯ ಚೀಟಿಯಲ್ಲಿ ನಾಣ್ಯ ಅಪ್ಪಟವೇ ಎಂದು ಪರೀಕ್ಷಿಸಿ ದರ್ಜೆ ಕಟ್ಟುವ ಕ್ಯಾಲಿಫೋರ್ನಿಯಾದ ಕಂಪನಿಯವರ ತೀರ್ಪು: ಎಪ್ಪತ್ತಕ್ಕೆ ಅರವತ್ತಾರು. ಪಕ್ಕದಲ್ಲಿ ವೆಂಡೆಲ್ ಬರೆದಿಟ್ಟಿದ್ದ ಬೆಲೆಯಲ್ಲಿ ಹೊಸ ಕಾರು ಬರುತ್ತಿತ್ತು.

ಅಂದರೆ ಅವನಿಗೆ ಅವತ್ತೇ ಗೊತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದ ಮೊದಲ ಗಳಿಗೆಯಲ್ಲೇ ಗೊತ್ತಿತ್ತು. ಅಗ್ಗಕ್ಕೆ ಹೊಡೆದುಕೊಳ್ಳಲು ಸಾಯುತ್ತಿದ್ದವನ ಮುಖಕ್ಕೆ ಮಸಿ ಬಳಿದಿದ್ದ.

ಅಲ್ಲೇ ಕೂಗಾಡಬಹುದಿತ್ತು. ಕೂಗಿ ಏನು ಮಾಡುವುದು? ಲಕೋಟೆ ಬೂದಿಯಾಗಿತ್ತು. ಕ್ಲಬ್ಬು ವೆಂಡೆಲನ ಬಾಯಿ ನೋಡುತ್ತಿತ್ತು. ಆಗ್ನೆಸ್ ಆಲ್ಬಮ್ಮುಗಳನ್ನು ಹಾಗೇ ಮನೆಗೆ ತಂದು, ಕೈಗೆ ಹಿಟ್ಟು ಮೆತ್ತಿಕೊಂಡು, ಸಂಜೆಯವರೆಗೆ ನಾದಿದಳು. ಅವಳಿಗೆ ಎರಡು ಬೇಕಿತ್ತು. ಎಮಿಲನ ಡಾಲರು ಅಪ್ಪಟ ಎಂದು ವೆಂಡೆಲ್ ಅದೇ ಹಾಲ್‌ನಲ್ಲಿ ಅದೇ ಜನರ ಮುಂದೆ ತನ್ನ ಬಾಯಿಂದ ಹೇಳಬೇಕು. ಮತ್ತು ವೆಂಡೆಲ್ ಹಾಳಾಗಬೇಕು. ಎರಡೂ ಒಟ್ಟಿಗೆ ಸಿಗಲಾರವು ಎಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಅವಳು ಕ್ಲಬ್ಬು ಸೇರಿದಳು. ಗಂಡಸರಿಗೆ ಹಿಗ್ಗೋ ಹಿಗ್ಗು. ಕಾಫಿ ಬಿಸಿಯಾಗಿರುತ್ತಿತ್ತು, ಅಕ್ರೋಟಿನ ಸುರುಳಿ ತೆಳ್ಳಗೆ ಕತ್ತರಿಸಿ ತಟ್ಟೆಯಲ್ಲಿರುತ್ತಿತ್ತು. ವೆಂಡೆಲ್ ಅಂತೂ "ನೋಡ್ರಪ್ಪ, ಮನಸ್ಸಲ್ಲಿ ಏನೂ ಇಟ್ಕೊಳ್ದೋರು ಅಂದ್ರೆ ಇವ್ರು" ಎಂದು ಎರಡು ಹೋಳು ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದ. ಆಗ್ನೆಸ್ ಬಡಿಸುತ್ತ ಕಿವಿ ತೆರೆದಿಟ್ಟುಕೊಂಡಿದ್ದಳು. ದರ್ಜೆ ಕಟ್ಟುವವರೂ ಮನುಷ್ಯರೇ, ಒಂದು ದಿನ ಅರವತ್ತಾರು ಎಂದವರು ಇನ್ನೊಂದು ದಿನ ಅದೇ ನಾಣ್ಯಕ್ಕೆ ಅರವತ್ತೇಳು ಎನ್ನುತ್ತಾರೆ ಎಂಬುದು ಅವಳಿಗೆ ತಿಳಿಯಿತು. ಒಂದು ಅಂಕ ಏರಿದರೆ ಬೆಲೆ ಎಲ್ಲಿಗೋ ಹಾರುತ್ತದೆ. ಅದಕ್ಕೇ ವ್ಯಾಪಾರಿಗಳು ಡಬ್ಬಿ ಒಡೆದು, ಬರಿಯ ನಾಣ್ಯವನ್ನು ಹೊಸದೆಂಬಂತೆ ಮತ್ತೆ ಕಳಿಸುತ್ತಾರೆ. ಒಡೆದ ಮೇಲೆ ಹಳೆಯ ತೀರ್ಪಿಗೆ ಕಾಸಿನ ಬೆಲೆಯಿಲ್ಲ. ಚೀಟಿ ಎತ್ತಿಟ್ಟುಕೊಂಡರೂ ಅದು ಇದೇ ನಾಣ್ಯದ್ದೆಂದು ನಂಬುವವರು ಯಾರು? ಆದರೂ ಒಡೆಯುತ್ತಾರೆ. ಇಸ್ಪೀಟಿನ ಚಟ ಇದ್ದ ಹಾಗೆ. ವೆಂಡೆಲನಿಗೆ ಆ ಚಟ ತಲೆಗೆ ಏರಿತ್ತು.

ಅವಳು ಆತುರ ಮಾಡಲಿಲ್ಲ. ಮಾರನೆಯ ವರ್ಷದ ಪ್ರದರ್ಶನ ಮುಗಿದ ಮೇಲೆ, ಒಂದು ಮಂಗಳವಾರ, ವೆಂಡೆಲನ ಲೋಟಕ್ಕೆ ಕಾಫಿ ಬಗ್ಗಿಸುತ್ತ ಮಾತು ತೆಗೆದಳು.

"ಶಿಕಾಗೋದವ್ರು ಒಬ್ರು ಬಂದಿದ್ರಲ್ಲ, ಹಾಲೋರನ್ ಅಂತ? ನಿನ್ನ ಮೇಜಿನ ಮುಂದೆ ಬಾಳಾ ಹೊತ್ತು ನಿಂತಿದ್ರು."

"ಹಾಲೋರನ್ನಾ? ಬಣ್ಣದ ಡಾಲರಿಗೆ ಪ್ರಾಣ ಬಿಡ್ತಾನೆ ಆಸಾಮಿ. ಏನಂದ?"

"ನಂಗೇನು ಗೊತ್ತಾಗತ್ತಪ್ಪ ಅವೆಲ್ಲ. ಪಕ್ಕದೋರ ಹತ್ರ ಅಂತಿದ್ರು, ಇಂಥ ಬಣ್ಣಕ್ಕೆ ಬರೀ ಅರವತ್ತಾರು ಕೊಟ್ಟಿದ್ದಾರಲ್ಲ, ಕಣ್ಣು ಕಾಣ್ಸಲ್ವಾ ಇವರಿಗೆ ಅಂತ. ಅರವತ್ತೇಳು ಆಗಿದ್ರೆ ಬೆಲೆ ಕೇಳ್ದೇನೇ ತಗೋತಿದ್ದೆ ಅಂದ್ರು. ಸಕ್ಕರೆ ಹಾಕ್ಲಾ?"

ಹಾಲೋರನ್ ಅಂಥದ್ದೇನೂ ಅಂದಿರಲಿಲ್ಲ. ವೆಂಡೆಲ್ ಸಕ್ಕರೆಯಿಲ್ಲದ ಕಾಫಿಯನ್ನೇ ಗುಟುಕರಿಸಿದ. ಗಾಳ ಕಚ್ಚಿದ್ದು ಆಗ್ನೆಸ್‌ಗೆ ಅವನ ಕಣ್ಣಲ್ಲೇ ಕಂಡಿತು.

ಅದೇ ವಾರ ಅವನು ಡಬ್ಬಿಯನ್ನು ಇಕ್ಕಳಕ್ಕೆ ಸಿಕ್ಕಿಸಿ ಒಡೆದ. ರಿಜಿಸ್ಟರ್ಡ್ ಅಂಚೆಯಲ್ಲಿ ಡಾಲರು ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಆದರೆ ಆ ಹೊತ್ತಿಗೆ ಬೇಯಿಸಿದ ನಾಣ್ಯಗಳು ದೇಶದ ತುಂಬ ಹರಿದಾಡಿ, ದರ್ಜೆ ಕಟ್ಟುವವರು ಬಣ್ಣ ಕಂಡರೇ ಹುಬ್ಬು ಗಂಟಿಕ್ಕುತ್ತಿದ್ದರು. ಡಾಲರು ವಾಪಸು ಬಂದದ್ದು ಡಬ್ಬಿಯಲ್ಲಲ್ಲ, ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ. ಜೊತೆಗೊಂದು ಚೀಟಿ: ಬಣ್ಣ ಸಂಶಯಾಸ್ಪದ, ದರ್ಜೆ ಇಲ್ಲ. ಶುಲ್ಕವನ್ನು ಮಾತ್ರ ಅವರು ಹಿಡಿದುಕೊಂಡಿದ್ದರು. ವೆಂಡೆಲ್ ಮತ್ತೆ ಕಳಿಸಿದ. ಮತ್ತೆ ಅದೇ ಚೀಲ, ಅದೇ ಚೀಟಿ. ರಸ್ ಇದನ್ನು ಅವಳಿಗೆ ಕಾಫಿಯ ಮೇಜಿನ ಹತ್ತಿರ ಪಿಸುಗುಟ್ಟಿ ಹೇಳಿದಾಗ ಅವಳು "ಅಯ್ಯೋ ಪಾಪ" ಎಂದಳು. ಮನೆಗೆ ಬಂದು ರೇಡಿಯೋ ಹಾಕಿಕೊಂಡು ಒಬ್ಬಳೇ ಪೋಲ್ಕಾ ಕುಣಿದಳು.

ನವೆಂಬರಿನಲ್ಲಿ ವೆಂಡೆಲ್ ಅವಳ ಅಡುಗೆಮನೆಯ ಬಾಗಿಲು ತಟ್ಟಿದ. ಟೋಪಿ ಕೈಯಲ್ಲಿತ್ತು.

"ಆಗ್ನೆಸ್, ಸುತ್ತಿ ಬಳಸಿ ಮಾತಾಡಲ್ಲ. ಎಮಿಲನ ಡಾಲರು ಅಪ್ಪಟ ಇತ್ತು."

ಅವಳು ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು. "ಯಾವಾಗ ಗೊತ್ತಾಯ್ತು ನಿಂಗೆ?"

"ಆಮೇಲೆ. ಆಮೇಲೇ ಗೊತ್ತಾಗಿದ್ದು. ಕಣ್ಣು ತಪ್ಪತ್ತೆ, ನಾನೂ ಮನುಷ್ಯನೇ. ನೋಡು, ಹಾಲೋರನ್ ಕ್ಲಬ್ಬಿನ ಕ್ರಿಸ್ಮಸ್ ಊಟಕ್ಕೆ ಬರ್ತಿದ್ದಾನೆ. ಡಬ್ಬಿ ಇಲ್ದೇನೂ ತಗೋತೀನಿ ಅಂತಾನೆ, ಆದ್ರೆ ಮನೆಯವರು ಯಾರಾದ್ರೂ ಎದುರಿಗೆ ನಿಂತು ಬಣ್ಣ ಎಲ್ಲಿಂದ ಬಂತು ಅಂತ ಹೇಳ್ಬೇಕಂತೆ. ಇರೋದನ್ನ ಇದ್ದ ಹಾಗೆ ಹೇಳು, ಸಾಕು. ಬಂದಿದ್ರಲ್ಲಿ ಅರ್ಧ ನಿಂದು."

"ನಂಗೆ ದುಡ್ಡು ಬೇಡ."

"ಮತ್ತೆ?"

"ಮೊದ್ಲು ನೀನು ಎದ್ದು ನಿಂತು ಹೇಳ್ಬೇಕು. ಎಲ್ರ ಮುಂದೆ. ಸುಳ್ಳು ಹೇಳಿದ್ದೆ ಅಂತ."

ವೆಂಡೆಲ್ ಟೋಪಿಯನ್ನು ತಿರುಗಿಸಿದ. "ತಪ್ಪಾಯ್ತು ಅಂತ ಹೇಳ್ತೀನಿ. ಸುಳ್ಳು ಅಂದ್ರೆ ಅಂಗಡಿ ಮುಚ್ಕೊಂಡು ಹೋಗ್ಬೇಕಾಗತ್ತೆ. ಎಮಿಲನ ಹೆಸರು ತೊಳೆಯತ್ತಲ್ಲ ಆಗ್ನೆಸ್, ನಿಂಗೆ ಅದೇ ತಾನೇ ಬೇಕಾಗಿರೋದು?"

ಅವಳು ಒಪ್ಪಿದಳು. ಒಪ್ಪಿದ್ದು ನಿಜವಾಗಿಯೂ ಒಪ್ಪಿಯೇ. ಹಾಳಾಗಲಿ, ಇವನಿಗೆ ದುಡ್ಡು ಸಿಕ್ಕರೆ ಸಿಗಲಿ, ಎಮಿಲನ ಹೆಸರು ಉಳಿಯಲಿ ಎಂದು ಅವಳು ಹಲ್ಲು ಕಚ್ಚಿ ನಿಶ್ಚಯ ಮಾಡಿಕೊಂಡಿದ್ದಳು. ಊಟಕ್ಕೆ ಹೋಗುವ ದಿನ ಎಮಿಲನಿಗೆ ಇಷ್ಟವಾಗಿದ್ದ ಹಸಿರು ಉಡುಪು ತೊಟ್ಟಳು, ಕೂದಲು ಸುರುಳಿ ಹಾಕಿಸಿಕೊಂಡಳು.

ಹಾಲ್‌ನಲ್ಲಿ ಹಂದಿಮಾಂಸ, ಎಲೆಕೋಸಿನ ಸುರುಳಿಗಳು, ಬಿಯರು. ಹಾಲೋರನ್ ಬಂದಿದ್ದ. ಎತ್ತರದ, ಬಿಳಿಗೂದಲಿನ, ಕಡಿಮೆ ಮಾತಿನ ಮನುಷ್ಯ. ಊಟದ ನಡುವೆ ವೆಂಡೆಲ್ ಚಮಚದಿಂದ ಲೋಟ ತಟ್ಟಿ ಎದ್ದುನಿಂತ.

"ಸ್ನೇಹಿತರೇ, ಇವತ್ತು ನಾನೊಂದು ತಪ್ಪೊಪ್ಪಿಗೆ ಮಾಡ್ಬೇಕು. ಗಾಬರಿ ಬೀಳ್ಬೇಡಿ, ನನ್ನ ಹೆಂಡ್ತಿಗೆ ಗೊತ್ತಿಲ್ದೇ ಇರೋದೇನೂ ಅಲ್ಲ." ನಗು. "ನಮ್ಮ ಎಮಿಲ್ ಹುದಾಕನ ಡಾಲರು ನೆನಪಿದ್ಯಾ? ಬೇಯ್ಸಿದ್ದು ಅಂದಿದ್ದೆ ನಾನು. ಅವತ್ತು ಹೊಸ ಕನ್ನಡಕ ಬಂದಿರ್ಲಿಲ್ಲ ಕಣ್ರಪ್ಪ!" ಇನ್ನೂ ನಗು. "ಈ ಮುದಿ ಗೂಬೆ ತಪ್ಪು ಹೇಳ್ತು. ಡಾಲರು ಅಪ್ಪಟ, ಎಮಿಲ್ ಅಪ್ಪಟ. ಅವನು ಮೇಲೆ ಕೂತು ನನ್ನ ನೋಡಿ ನಗ್ತಿರ್ತಾನೆ. ಎಮಿಲ್ ಹೆಸರಲ್ಲಿ ಒಂದು ಗುಟುಕು!"

ಎಲ್ಲರೂ ಲೋಟ ಎತ್ತಿದರು. ಚಪ್ಪಾಳೆಯೋ ಚಪ್ಪಾಳೆ. ಎಂಥ ದೊಡ್ಡ ಮನಸ್ಸು ನೋಡಿ, ತಪ್ಪು ಒಪ್ಪಿಕೊಳ್ಳೋದಕ್ಕೂ ಗುಂಡಿಗೆ ಬೇಕು ಎಂದರು. ಯಾರೋ ವೆಂಡೆಲನ ಬೆನ್ನು ತಟ್ಟಿದರು. ಗಂಡನನ್ನು ನೆಲಕ್ಕೆ ಹಾಕಿ ತುಳಿದಾಗ ನಕ್ಕ ಅದೇ ಬಾಯಿಗಳು ಈಗ ಅವನನ್ನು ಎತ್ತಿದಾಗಲೂ ನಕ್ಕವು. ಎಮಿಲ್ ಸಾಯುವವರೆಗೂ ನುಂಗಿದ ಅವಮಾನ ಒಂದು ಕನ್ನಡಕದ ಜೋಕಿನಲ್ಲಿ ತೊಳೆದುಹೋಯಿತು. ತೊಳೆದುಹೋದದ್ದು ನಿಜ. ಅವಳು ಬಯಸಿದ್ದು ಅವಳ ಮಡಿಲಿಗೆ ಬಂದು ಬಿದ್ದಿತ್ತು.

ಹಾಲೋರನ್ ಕುರ್ಚಿ ತಿರುಗಿಸಿದ. "ಮಿಸೆಸ್ ಹುದಾಕ್, ನಿಮ್ಮ ಬಾಯಿಂದ್ಲೇ ಕೇಳ್ಬೇಕು ಅಂತ ಇಷ್ಟು ದೂರ ಬಂದೆ. ಆ ಬಣ್ಣ ಎಲ್ಲಿಂದ ಬಂತು?"

ವೆಂಡೆಲ್ ಅವಳ ಹಿಂದೆ ಬಂದು ಭುಜದ ಮೇಲೆ ಕೈ ಇಟ್ಟ. ಬೆಚ್ಚಗಿನ, ತೂಕದ ಕೈ. ಬಗ್ಗಿ ಕಿವಿಯ ಹತ್ತಿರ ಅಂದ: "ಹೇಳಮ್ಮ ಚಿನ್ನಾ. ಎಮಿಲನಿಗೆ ಖುಷಿ ಆಗತ್ತೆ."

ಆ ಕೈ ಇಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಇಟ್ಟ. ಆಗ್ನೆಸ್ ಹಾಲೋರನ್ ಕಡೆಗೆ ಮುಖ ಎತ್ತಿದಳು.

"ನಮ್ಮ ಓವನ್ನಿಂದ ಬಂತು" ಎಂದಳು.

ಎಲ್ಲರ ತಲೆಗಳೂ ಅವಳ ಕಡೆ ತಿರುಗಿದವು.

"ದೊಡ್ಡ ಆಲೂಗಡ್ಡೆ ತಗೊಂಡು ಮಧ್ಯ ಸೀಳಿ, ಒಳಗೆ ಡಾಲರಿಟ್ಟು, ಮೇಲೆ ತಗಡಿನ ಕಾಗ್ದ ಸುತ್ತಿ ಬೇಯ್ಸಿದ್ದ. ಸಣ್ಣ ಉರಿ. ಕುತ್ತಿಗೆ ಹತ್ರ ಬಿಳಿ ಗೆರೆ ಇದ್ಯಲ್ಲ, ಅಲ್ಲಿ ಕಾಗ್ದದ ತುದಿ ಒಳಗೆ ಮಡಚಿಕೊಂಡಿತ್ತು. ಮನೆಯೆಲ್ಲ ವಾಸನೆ. ಬೇಡ ಕಣೋ ಎಮಿಲ್ ಅಂದೆ, ಕೇಳ್ಲಿಲ್ಲ. ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ ಸ್ವಾಮಿ. ಏನು ಮಾಡ್ಲಿ."

ಭುಜದ ಮೇಲಿನ ಕೈ ಜಾರಿತು. "ಆಗ್ನೆಸ್! ಏನಿದು ಹೇಳ್ತಿರೋದು ನೀನು?"

ಅವಳು ಮುಖ ತಿರುಗಿಸಿ ಅವನನ್ನೇ ನೋಡಿದಳು. "ನೀನೇ ಮೊದ್ಲು ಕಂಡು ಹಿಡಿದೋನಲ್ವಾ ವೆಂಡೆಲ್. ನಿನ್ನ ಕಣ್ಣು ಯಾವತ್ತಾದ್ರೂ ತಪ್ಪಿದ್ಯಾ? ಬೇಯ್ಸಿದ್ದು ಅಂತ ಗೊತ್ತಿದ್ದೂ ಈ ದೊಡ್ಡ ಮನುಷ್ಯರ ತಲೆಗೆ ಕಟ್ಟೋಕೆ ಹೋಗ್ಬಾರ್ದಿತ್ತು."

ಹಾಲೋರನ್ ಕರವಸ್ತ್ರ ಮಡಿಸಿ ತಟ್ಟೆಯ ಪಕ್ಕ ಇಟ್ಟ, ಕೋಟು ತೆಗೆದುಕೊಂಡ, ಸಿಹಿ ತಿನ್ನದೆ ಹೊರಟ.

ವೆಂಡೆಲ್ ಅವಳನ್ನು ಕಾರುಗಳ ನಡುವೆ ಹಿಡಿದು ನಿಲ್ಲಿಸಿದ. ಹಿಮ ಉದುರುತ್ತಿತ್ತು.

"ಆ ಡಾಲರು ಅಪ್ಪಟ. ನಂಗೂ ಗೊತ್ತು, ನಿಂಗೂ ಗೊತ್ತು."

"ಗೊತ್ತು."

"ನೋಡಿದ ಕೂಡ್ಲೇ ಗೊತ್ತಾಗಿತ್ತು ನಂಗೆ, ಹೋಗ್ಲಿ ಬಿಡು, ಒಪ್ಕೋತೀನಿ. ಆದ್ರೆ ನೀನು? ಸ್ವಂತ ಗಂಡನ್ನ ಕಳ್ಳ ಮಾಡಿದ್ಯಲ್ಲೇ ಮಾರಾಯ್ತಿ!"

"ಅವನ ಸುದ್ದಿ ನಿನ್ನ ಬಾಯಲ್ಲಿ ಬರಕೂಡ್ದು" ಎಂದು ಅವಳು ಕಾರಿನ ಬಾಗಿಲು ಹಾಕಿಕೊಂಡಳು. ದಾರಿಯುದ್ದಕ್ಕೂ ಅವಳ ಹೊಟ್ಟೆ ತಣ್ಣಗಿತ್ತು. ಸೇಡು ಕಹಿ ಎಂದು ಬೋಧಿಸುವವರು ಅದನ್ನು ತಿಂದು ನೋಡಿದವರಲ್ಲ. ಆ ವಾರವೆಲ್ಲ ಅದು ಸಿಹಿಯಾಗಿಯೇ ಇತ್ತು.

ಸುದ್ದಿ ಶಿಕಾಗೋದವರೆಗೆ, ಅಲ್ಲಿಂದ ಆಚೆಗೂ ಹೋಯಿತು. ವೆಂಡೆಲನಿಂದ ಕೊಂಡವರು ತಮ್ಮ ತಮ್ಮ ನಾಣ್ಯಗಳನ್ನು ಹಿಡಿದು ಅಂಗಡಿಯ ಮುಂದೆ ಸಾಲು ನಿಂತರು. ಒಳ್ಳೆಯವೂ ಕೆಟ್ಟವೂ ಒಂದೇ ಆಗಿ ವಾಪಸು ಬಂದವು. ಬೇಸಗೆಯೊಳಗೆ ಅಂಗಡಿಯ ಕಿಟಕಿಗೆ ಕಾಗದ ಅಂಟಿಸಿಯಾಗಿತ್ತು. ವೆಂಡೆಲ್ ಮನೆ ಮಾರಿ ಫ್ಲಾರಿಡಾದ ಮಗಳ ಹತ್ತಿರ ಹೋದ. ಕ್ಲಬ್ಬಿಗೆ ರಸ್ ಅಧ್ಯಕ್ಷನಾದ. ಸತ್ಯಕ್ಕಾಗಿ ಗಂಡನ ಮರ್ಯಾದೆಯನ್ನೂ ನೋಡದ ಹೆಂಗಸು ಎಂದು ಆಗ್ನೆಸ್‌ಳನ್ನು ಖಜಾಂಚಿ ಮಾಡಿದರು.

ಎಮಿಲನನ್ನು ಏನು ಮಾಡಿದರು ಎಂದರೆ, ಅವನನ್ನು ಒಂದು ಮಾತು ಮಾಡಿದರು. ಬಣ್ಣ ಅನುಮಾನ ಎನಿಸಿದ ನಾಣ್ಯ ಮೇಜಿಗೆ ಬಂದರೆ ಯಾರಾದರೂ "ಇದು ಎಮಿಲ್ ಕಣಪ್ಪಾ" ಎನ್ನುವರು. ಮೊದಮೊದಲು ಅಂದವರು ನಾಲಿಗೆ ಕಚ್ಚಿಕೊಂಡು ಅವಳ ಕಡೆ ನೋಡಿ "ಸಾರಿ ಆಗ್ನೆಸ್" ಎನ್ನುತ್ತಿದ್ದರು. ಆಮೇಲೆ ಅದೂ ನಿಂತಿತು.

ಕೆಲವು ವರ್ಷ ಕಳೆದು ಫ್ಲಾರಿಡಾದಿಂದ ವೆಂಡೆಲ್ ತೀರಿಕೊಂಡ ಸುದ್ದಿ ಬಂತು. ಅವತ್ತು ಸಭೆಯಲ್ಲಿ ಆಗ್ನೆಸ್ ಲೆಕ್ಕದ ಪುಸ್ತಕ ಮುಚ್ಚಿದಳು. ಎಮಿಲ್ ಕಳ್ಳನಲ್ಲ ಎಂದು ಈ ಲೋಕದಲ್ಲಿ ಬಲ್ಲವರು ಇಬ್ಬರೇ ಇದ್ದರು. ಈಗ ಅವಳೊಬ್ಬಳೇ ಉಳಿದಳು. ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅಪ್ಪನ ಲಕೋಟೆ, ವೆಂಡೆಲ್ ಹೇಳಿದ್ದು, ತಾನು ಹೇಳಿದ ಸುಳ್ಳು, ಒಂದನ್ನೂ ಬಿಡದೆ.

ಜನ ತಲೆ ತಗ್ಗಿಸಿಕೊಂಡು ಕೇಳಿದರು. ರಸ್ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಗೊತ್ತಾಗತ್ತೆ ತಾಯಿ. ವಯಸ್ಸಾಗ್ತಾ ಆಗ್ತಾ ಹೋದವರ ಬಗ್ಗೆ ಒಳ್ಳೇದೇ ನೆನಪಿಗೆ ಬರತ್ತೆ. ನಮ್ಮನೇಲೂ ಹಾಗೇ. ಕೂತ್ಕೋ, ನೀರು ತರ್ತೀನಿ."

"ರಸ್, ದೇವರಾಣೆ ಕಣೋ. ನಾನು ಸುಳ್ಳು ಹೇಳಿದ್ದೆ."

"ನೀನು ಸುಳ್ಳು ಹೇಳೋಳಲ್ಲ ಆಗ್ನೆಸ್. ಅದು ಇಡೀ ಊರಿಗೇ ಗೊತ್ತು" ಎಂದು ಅವನು ನೀರು ತರಲು ಹೋದ.

ಅವಳು ಕ್ಲಬ್ಬು ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು? ಈಚೆಗೆ ಆಕ್ರನ್ ಪಟ್ಟಣದಿಂದ ಹೊಸ ಸದಸ್ಯನೊಬ್ಬ ಬರತೊಡಗಿದ್ದಾನೆ, ಹಲ್ಲಿನ ಡಾಕ್ಟರು, ಸಭ್ಯ ಮನುಷ್ಯ. ಹೋದ ತಿಂಗಳು ಅವನು ಕ್ಯಾಲಿಫೋರ್ನಿಯಾಕ್ಕೆ ಕಳಿಸಬೇಕೆಂದಿದ್ದ ಒಂದು ಬಣ್ಣದ ಡಾಲರನ್ನು ಕಾಫಿಯ ಮೇಜಿಗೆ ತಂದು, ಅಂಚು ಹಿಡಿದು, ಅವಳ ಮುಂದೆ ಚಾಚಿದ.

"ಇಲ್ಲಿ ನಿಮಗಿಂತ ಹಳಬರಿಲ್ವಂತೆ. ಶುಲ್ಕ ಕಟ್ಟೋ ಮೊದ್ಲು ನೀವೊಂದ್ಸಲ ನೋಡಿ ಹೇಳಿ ಮೇಡಂ. ಇದು ಎಮಿಲ್ ಅಲ್ಲ ತಾನೇ?"

ಆ ಮಾತು ಒಬ್ಬ ಮನುಷ್ಯನ ಹೆಸರೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಹೇಳಿದವರೂ ಯಾರೂ ಇರಲಿಲ್ಲ. ಆಗ್ನೆಸ್ ಕನ್ನಡಕ ಏರಿಸಿಕೊಂಡು ಡಾಲರನ್ನು ಬೆಳಕಿಗೆ ಹಿಡಿದಳು. ಕೆಂಪು, ಹೊನ್ನು, ಸ್ವಲ್ಪ ಹಸಿರು. ಬಹಳ ಹೊತ್ತು ನೋಡಿದಳು.

"ಅಲ್ಲ" ಎಂದಳು. "ಎಮಿಲ್ ಅಲ್ಲ. ಇದು ಒಳ್ಳೇದು, ಕಳಿಸಿ."